ಬಲ್ಲೆನೆಂದು ಸಹಿ ಹಾಕಿದವನು

ಕೆಲವು ದಿನಗಳಿಂದ ವೆರೇನಾಳಿಗೆ ಬೆಳಗಾದರೆ ಏನೋ ಕಡಿಮೆಯಾಗಿದೆ ಅನ್ನಿಸುತ್ತಿತ್ತು. ಏನು ಅಂತ ಮಾತ್ರ ತಿಳಿಯುತ್ತಿರಲಿಲ್ಲ. ಎದ್ದು ಗ್ಯಾಸಿನ ತಿರುಗಣೆ ನೋಡುತ್ತಿದ್ದಳು, ನಲ್ಲಿ ನೋಡುತ್ತಿದ್ದಳು, ಫ್ರಿಜ್ಜಿನ ಬಾಗಿಲಿಗೆ ಕಿವಿ ಹಚ್ಚಿ ಅದು ಗುಂಯ್‌ಗುಡುತ್ತಿರುವುದನ್ನು ಖಾತ್ರಿ ಮಾಡಿಕೊಳ್ಳುತ್ತಿದ್ದಳು. ಎಲ್ಲ ಇದ್ದಲ್ಲೇ ಇರುತ್ತಿತ್ತು. ಹಾಸಿಗೆ ಪಕ್ಕದ ರೇಡಿಯೋ ರಾತ್ರಿಯಿಡೀ ಹಾಡಿದ್ದು ಇನ್ನೂ ಹಾಡುತ್ತಲೇ ಇರುತ್ತಿತ್ತು. ಗಂಡ ರೂಡಿ ಸತ್ತ ಮೇಲೆ ಅವಳು ರೇಡಿಯೋ ಆರಿಸಿ ಮಲಗಿದ್ದೇ ಇಲ್ಲ. ವಯಸ್ಸಾಯಿತು, ಇನ್ನು ಇಂಥವೆಲ್ಲ ಶುರು ಎಂದುಕೊಂಡು ಕಾಫಿಗೆ ನೀರಿಡುತ್ತಿದ್ದಳು. ಈಗ ಸೊಸೂವಾ ಎಂಬ ಆ ಕಡಲೂರಿನ ವಕೀಲ ಬಾಯೆಸ್‌ನ ಕಚೇರಿಯಲ್ಲಿ, ಫ್ಯಾನಿನ ಗಾಳಿಯೆಲ್ಲ ವಕೀಲನ ಕಡೆಗೇ ಬೀಸುತ್ತಿರುವಾಗ, ಮಡಿಲ ಮೇಲಿನ ಕೈಚೀಲವನ್ನು ಎರಡೂ ಕೈಯಲ್ಲಿ ಹಿಡಿದು ಕೂತಾಗಲೂ ಆ ಅನ್ನಿಸಿಕೆ ಅವಳನ್ನು ಬಿಟ್ಟಿರಲಿಲ್ಲ. ಬಾಯೆಸ್ ಅವಳ ಕಾಗದಗಳನ್ನು ಒಂದೊಂದಾಗಿ ಮಗುಚುತ್ತಿದ್ದ. ಪ್ರತಿ ಸಲ ಈ ದೇಶದಲ್ಲಿ ವಾಸಿಸುವ ಪರವಾನಗಿ ನವೀಕರಿಸುವಾಗಲೂ ಅವಳಿಗೆ ಶಾಲೆಯಲ್ಲಿ ಉಗುರು ತೋರಿಸಲು ಕೈ ಚಾಚಿ ನಿಲ್ಲುತ್ತಿದ್ದದ್ದು ನೆನಪಾಗುತ್ತಿತ್ತು. ಉಗುರು ಸ್ವಚ್ಛವಾಗಿದ್ದರೂ ಎದೆ ಹೊಡೆದುಕೊಳ್ಳುತ್ತಿತ್ತು.

"ಎಲ್ಲಾ ಸರಿ ಇದೆ ದೋನ್ಯಾ ವೆರೇನಾ," ಎಂದ ಬಾಯೆಸ್, ಇಲ್ಲಿ ಹಿರಿಯ ಹೆಂಗಸರನ್ನು ಕರೆಯುವ ಮರ್ಯಾದೆಯಲ್ಲಿ. "ಬ್ಯಾಂಕಿಂದು ಇದೆ, ಪೊಲೀಸರದ್ದು ಇದೆ, ಡಾಕ್ಟರದ್ದು ಇದೆ. ಒಂದೇ ಬಾಕಿ. ನಿಮ್ಮ ಜಾಮೀನುದಾರ ಬರ್ಬೇಕು."

"ಬರಬೇಕು ಅಂದ್ರೆ?"

"ಅಂದ್ರೆ ಬರ್ಬೇಕು. ಕಾಲಲ್ಲಿ ನಡ್ಕೊಂಡು. ಮುಂಚೆ ಹಾಳೆ ಕಳಿಸಿದ್ರೆ ನಡೀತಿತ್ತು. ಈಗ ಬಂದಿರೋ ಅಧಿಕಾರಿಗೆ ಹಾಳೆ ಸಾಲದಂತೆ, ಮನುಷ್ಯನ ಮುಖ ನೋಡ್ಬೇಕಂತೆ. ಶುಕ್ರವಾರದೊಳಗೆ ಕರ್ಕೊಂಡು ಬಂದ್ಬಿಡಿ."

"ನನಗೆ ಅವರು ಯಾರು ಅಂತ..." ಎಂದು ಶುರು ಮಾಡಿ ವೆರೇನಾ ನಿಲ್ಲಿಸಿದಳು. ಮೂಲೆಯಲ್ಲಿ ಟೈಪು ಮಾಡುತ್ತಿದ್ದ ಯುದೆಲ್ಕಾ ತಲೆಯೆತ್ತದೆ ನಕ್ಕಳು. "ನಿಮ್ಮನ್ನ ಚೆನ್ನಾಗಿ ಬಲ್ಲೆ ಅಂತ ಆ ಪುಣ್ಯಾತ್ಮ ನೋಟರಿ ಮುಂದೆ ಪ್ರಮಾಣ ಮಾಡಿದಾರಲ್ಲ ದೋನ್ಯಾ. ನಿಮಗೆ ಅವರು ಗೊತ್ತಿಲ್ದೆ ಇರ್ತಾರಾ?" ತಮಾಷೆಗೇ ಅಂದದ್ದು, ಆದರೂ ವೆರೇನಾಳ ಕಿವಿ ಬಿಸಿಯಾಯಿತು. ಬರದಿದ್ದರೆ ಏನಾಗುತ್ತದೆ ಎಂದು ಕೇಳಿದಳು. ಬಾಯೆಸ್ ಪೆನ್ನಿನ ಮುಚ್ಚಳ ಹಾಕಿದ. "ಪರವಾನಗಿ ಸಾಯುತ್ತೆ. ದೇಶ ಬಿಟ್ಟು ಹೋಗಿ, ನಿಮ್ಮೂರಿಂದ ಮತ್ತೆ ಮೊದಲಿಂದ ಅರ್ಜಿ ಹಾಕ್ಬೇಕು. ನಿಮ್ಮೂರಲ್ಲಿ ಯಾರಿದಾರೆ?" ಯಾರೂ ಇಲ್ಲ ಎನ್ನಲು ನಾಚಿಕೆಯಾಗಿ, "ಇದ್ದಾರೆ," ಅಂದಳು. ಸ್ವಿಸ್ ದೇಶದ ಬರ್ನ್ ಕಡೆಯ ಮನೆಯನ್ನು ಮಾರಿ ಬಂದದ್ದು, ಅಕ್ಕ ವೃದ್ಧಾಶ್ರಮದಲ್ಲಿ ಇವಳ ಹೆಸರನ್ನೂ ಮರೆತು ಕೂತಿರುವುದು, ಯಾವುದನ್ನೂ ಹೇಳಲಿಲ್ಲ. ಬಾಯೆಸ್ ಚೀಟಿಯಲ್ಲಿ ಬರೆದುಕೊಟ್ಟ: ಸಾಂತಿಯಾಗೊ ಪೊಲಾಂಕೊ, ಚರಮೀಕೋಸ್, ಮೀನು ಮಾರುವ ಕಟ್ಟೆಯ ಹಿಂದೆ. ಫೋನು ಮಾಡಿದರೆ ಹೋಗುತ್ತಿಲ್ಲ, ನೀವೇ ಹೋಗಿ ಹಿಡಿಯಿರಿ ಎಂದ.

ಮೆಟ್ಟಿಲಿಳಿಯುವಾಗ ಜಾಮೀನಿಗೆ ಸಹಿ ಹಾಕಿಸಿದ ದಿನ ನೆನಪಾಯಿತು. ನೋಟರಿಯ ಮನೆಯ ಮೆಟ್ಟಿಲ ಕೆಳಗೆ ಬೆಂಚಿನ ಮೇಲೆ ಕೆಲವರು ಕಾದಿರುತ್ತಾರೆ. ಯಾವ ವಕೀಲ ಕರೆದರೂ ಎದ್ದುಬಂದು ನಾಲ್ಕು ಕಾಸಿಗೆ ಯಾರನ್ನು ಬೇಕಾದರೂ ಬಲ್ಲೆ ಎಂದು ಸಹಿ ಹಾಕಿ ಹೋಗುತ್ತಾರೆ. ಊರಿಗೆಲ್ಲ ಗೊತ್ತಿರುವ ವಿಷಯ. ಬೇರೆ ದೇಶದಿಂದ ಬಂದವರಿಗೆ ಇಲ್ಲಿಯವರ ಜಾಮೀನು ಬೇಕಾದರೆ ಇನ್ನೆಲ್ಲಿಂದ ತರುವುದು? ರೂಡಿ ಇದ್ದಷ್ಟು ದಿನ ಅವನ ಪಿಂಚಣಿಯ ಕಾಗದದಡಿಯಲ್ಲೇ ಇವಳೂ ಇದ್ದಳು. ಅವನು ಹೋದ ಮೇಲೆ ತನ್ನ ಹೆಸರಿನಲ್ಲೇ ಎಲ್ಲ ಆಗಬೇಕಾಯಿತು. ಅವತ್ತು ಎದ್ದುಬಂದವನು ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದ ಮುದುಕ. ಬೇರೆಯವರ ಹಾಗೆ ತಟ್ಟನೆ ಸಹಿ ಹಾಕದೆ, ತುಟಿ ಅಲ್ಲಾಡಿಸುತ್ತ ಹಾಳೆಯನ್ನು ಪೂರ್ತಿ ಓದುತ್ತ ನಿಂತ. 'ಚಾಗೋ, ಅದು ನಿನ್ನ ಮದುವೆ ಪತ್ರ ಅಲ್ಲ, ಹಾಕಯ್ಯ ಬೇಗ,' ಎಂದು ಬಾಯೆಸ್ ಸಾಂತಿಯಾಗೊನನ್ನು ಸಲಿಗೆಯ ಹೆಸರು ಹಿಡಿದು ರೇಗಿಸಿದ. ಮುದುಕ ಸಹಿ ಹಾಕಿ ಇವಳ ಕಡೆ ತಿರುಗಿ, 'ಮನೆ ಎಲ್ಲಿ ದೋನ್ಯಾ?' ಎಂದು ಕೇಳಿದ್ದ. ಒಬ್ಬಂಟಿ ಹೆಂಗಸಿನ ಮನೆ ಇವನಿಗೇಕೆ? ಚರ್ಚಿನ ಹತ್ತಿರ ಎಂದು ಗಾಳಿಗೆ ಹೇಳಿ, ಯುದೆಲ್ಕಾಳ ಕಡೆ ವಾಲಿ, 'ಇವನಿಗೆ ಇನ್ನೇನಾದರೂ ಕೊಟ್ಟು ಕಳಿಸಿಬಿಡಿ, ಹಿಂದೆ ಬಂದಾನು' ಎಂದಿದ್ದಳು. ಮೆಲ್ಲಗೆ ಹೇಳಿದ್ದೇನೋ ನಿಜ, ಆದರೆ ಅವಳ ಹರಕುಮುರುಕು ಸ್ಪ್ಯಾನಿಷ್ ಮೆಲ್ಲಗೆ ಬರುವಂಥದ್ದಾಗಿರಲಿಲ್ಲ. ಮುದುಕ ಏನೂ ತೆಗೆದುಕೊಳ್ಳದೆ ಟೋಪಿ ಮುಟ್ಟಿ ಹೊರಟುಹೋದ. ಈಗ ಅವನ ಬಾಗಿಲಿಗೆ ತಾನೇ ಹೋಗಬೇಕು. ಮುಖ ನೆನಪಿಗೆ ಬರಲಿಲ್ಲ, ಅಂಗಿಯ ಇಸ್ತ್ರಿಯ ಗೆರೆ ಮಾತ್ರ ಬಂತು.

ಅವನ ಬದಲು ಇನ್ನೊಬ್ಬರಾದರೂ ಆದೀತೇನೋ ಎಂದು ತನ್ನ ಬೀದಿಯ ಕಿರಾಣಿ ಅಂಗಡಿಯ ಮುಂದೆ ನಿಂತಳು. ಅಂಗಡಿಯವನು ಬಾಳೆಕಾಯಿ ತೂಗುತ್ತ ಹಲ್ಲೆಲ್ಲ ಬಿಟ್ಟು, "ಖಂಡಿತ ನನ್ನ ರಾಣಿ, ಅದಕ್ಕೇನಂತೆ! ನಿಮಗಲ್ದೆ ಇನ್ಯಾರಿಗೆ ಮಾಡ್ಲಿ?" ಅಂದ. ಯಾವತ್ತು ಎಂದು ಕೇಳಿದಳು. "ನಾಳೆ." ಆ ಊರಿನ ನಾಳೆ ಏನೆಂದು ಅವಳಿಗೆ ಗೊತ್ತಿತ್ತು, ಅದರಲ್ಲಿ ಕೆಟ್ಟತನ ಇರಲಿಲ್ಲ, ಇಲ್ಲ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಬಾರದೆಂಬ ಮರ್ಯಾದೆ ಅಷ್ಟೆ. ಅವಳು ತಿರುಗುವಾಗ ಅವನು ಕೇಳಿದ, "ಅಂದ ಹಾಗೆ ನಿಮ್ಮ ಹೆಸರೇನು ದೋನ್ಯಾ?" ದಿನಾ ಅವನ ಹತ್ತಿರವೇ ಬ್ರೆಡ್ಡು, ಮೊಟ್ಟೆ ಕೊಳ್ಳುತ್ತಿದ್ದಳು. ತಪ್ಪು ಅವನದೆಂದು ಒಂದು ಕ್ಷಣ ಸಿಟ್ಟು ಬಂತು. ಆಮೇಲೆ ಅವನ ಹೆಸರು ತನಗೂ ಗೊತ್ತಿಲ್ಲವೆಂಬುದು ಹೊಳೆದು, ತನ್ನ ಹೆಸರು ಹೇಳಿ ಬೇಗ ಬೇಗ ನಡೆದಳು. ಅವಳು ಇಲ್ಲಿ ಬದುಕಿದ ರೀತಿಯೇ ಹಾಗೆ. ಬಾಗಿಲು ತಟ್ಟಿದರೆ ತೆರೆಯುತ್ತಿರಲಿಲ್ಲ. ಬೆಳಗಿನ ಜಾವ ಯಾವನೋ ಒಬ್ಬ ಬೀದಿಯಲ್ಲಿ, 'ಬೆಳಗಾಯ್ತು ದೋನ್ಯಾ!' ಎಂದು ಕೂಗಿಕೊಂಡು ಹೋಗುತ್ತಿದ್ದ. ಪಕ್ಕದ ಮನೆಯವಳಿಗೆ ಇರಬೇಕು. ಆದರೂ ಕೂಗು ಕೇಳಿದ ಕೂಡಲೇ ರೇಡಿಯೋ ಸಣ್ಣ ಮಾಡಿ, ಹೆಜ್ಜೆ ದೂರವಾಗುವ ತನಕ ಮಿಸುಕಾಡದೆ ಕೂರುತ್ತಿದ್ದಳು.

ಚರಮೀಕೋಸ್ ಇದ್ದದ್ದು ಕಡಲತೀರದ ಆ ತುದಿಯಲ್ಲಿ. ಈ ತುದಿಯಲ್ಲಿ ಹೊರಗಿನವರ ಮನೆಗಳು, ಆ ತುದಿಯಲ್ಲಿ ಊರವರ ಮನೆಗಳು. ನಡುವೆ ನಡೆದು ದಾಟಬಹುದಾದ ಮರಳು. ಇಷ್ಟು ವರ್ಷ ಅವಳು ಅದನ್ನು ದಾಟಿರಲಿಲ್ಲ. ಬಾಡಿಗೆ ಬೈಕಿನ ಹಿಂದೆ ಹುಡುಗಿಯ ಹಾಗೆ ಎರಡೂ ಕಡೆ ಕಾಲು ಹಾಕಿ ಕೂತು, ಸವಾರನ ಹೆಗಲು ಹಿಡಿಯಬೇಕೋ ಬೇಡವೋ ತಿಳಿಯದೆ ಸೀಟಿನ ಕಬ್ಬಿಣ ಹಿಡಿದಳು. ತಿರುವಿನಲ್ಲಿ ಸಮುದ್ರ ಕಾಣಿಸಿತು. ರೂಡಿಯ ಬೂದಿಯನ್ನು ಅಲ್ಲೇ ಬಿಟ್ಟದ್ದು. ದೋಣಿಯಲ್ಲಿ ಅವಳು ಮತ್ತು ದೋಣಿಯವನು, ಇಬ್ಬರೇ. ಅವನು ಮೋಟಾರು ನಿಲ್ಲಿಸಿ ಟೋಪಿ ತೆಗೆದು, ಏನಾದರೂ ಪ್ರಾರ್ಥನೆ ಹೇಳುತ್ತಾಳೇನೋ ಎಂದು ಕಾದ. ಅವಳಿಗೆ ಏನೂ ಬರಲಿಲ್ಲ. ಕೊನೆಗೆ ಅವನೇ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡು, 'ಹೋಗೋಣ್ವಾ ದೋನ್ಯಾ?' ಎಂದಿದ್ದ. ಶುಕ್ರವಾರ ಕಳೆದರೆ ಆ ನೀರನ್ನೂ ಬಿಟ್ಟು ಹೋಗಬೇಕು. ಅಲ್ಲಿ ಹಿಮ ಬೀಳುವ ಊರಿನಲ್ಲಿ, ಬಾಡಿಗೆ ಕೋಣೆಯಲ್ಲಿ, ರೂಡಿ ಯಾರೆಂದೇ ತಿಳಿಯದ ಜನರ ನಡುವೆ ಸಾಯಬೇಕು. ಇಲ್ಲಾದರೂ ಅವನನ್ನು ಬಲ್ಲವರು ಎಷ್ಟು ಮಂದಿ ಎಂಬ ಲೆಕ್ಕಕ್ಕೆ ಅವಳು ಹೋಗಲಿಲ್ಲ.

ಮೀನು ಕಟ್ಟೆಯ ಹಿಂದಿನ ಓಣಿಯಲ್ಲಿ ನೀಲಿ ಟಾರ್ಪಾಲು ಕಟ್ಟಿ ಕುರ್ಚಿ ಹಾಕಿದ್ದರು. ಏನೋ ಸಮಾರಂಭ, ಒಳ್ಳೆಯದೇ ಆಯಿತು, ಮುದುಕ ಖುಷಿಯಲ್ಲಿರುತ್ತಾನೆ, ಇಲ್ಲ ಅನ್ನಲಾರ ಎಂದುಕೊಂಡು ವೆರೇನಾ ಚೀಲದೊಳಗಿನ ಕಾಗದವನ್ನು ಮುಟ್ಟಿ ನೋಡಿಕೊಂಡಳು. ಪೊಲಾಂಕೊ ಅವರ ಮನೆ ಯಾವುದು ಎಂದು ಕೇಳುವಷ್ಟರಲ್ಲಿ ಬಿಳಿ ಬಟ್ಟೆಯ ದಪ್ಪನೆಯ ಹೆಂಗಸೊಬ್ಬಳು ಅವಳನ್ನೇ ದಿಟ್ಟಿಸಿ ನೋಡಿ, ಕೈಯಲ್ಲಿದ್ದ ತಟ್ಟೆಯನ್ನು ಯಾರಿಗೋ ಕೊಟ್ಟು ಬಂದಳು.

"ಅಯ್ಯೋ ಬಂದ್ರು ನೋಡೇ ಅತ್ತೆ! ಅಪ್ಪನ ಸ್ವಿಸ್ಸಮ್ಮ ಬಂದ್ರು!"

ಹಾಗೆನ್ನುತ್ತಲೇ ಬಾಚಿ ತಬ್ಬಿಕೊಂಡಳು. ವೆರೇನಾಳನ್ನು ಯಾರಾದರೂ ತಬ್ಬಿಕೊಂಡು ಎಷ್ಟು ಕಾಲವಾಗಿತ್ತೋ, ಕೈಯನ್ನು ಎಲ್ಲಿಡಬೇಕೆಂದೇ ತಿಳಿಯಲಿಲ್ಲ. ಆ ಹೆಗಲ ಮೇಲಿಂದ ತೆರೆದ ಬಾಗಿಲೊಳಗೆ ಕಾಣಿಸಿತು: ಬಿಳಿ ಹೊದಿಕೆಯ ಮೇಜು, ಉರಿಯುವ ಮೇಣದಬತ್ತಿಗಳು, ಒಂದು ಲೋಟ ನೀರು, ಇಸ್ತ್ರಿಯ ಅಂಗಿ ತೊಟ್ಟ ಮುದುಕನ ಪಟ. ಸತ್ತವರಿಗೆ ಒಂಬತ್ತು ದಿನ ಪ್ರಾರ್ಥನೆ ಹೇಳುತ್ತಾರೆ, ಕೊನೆಯ ದಿನ ಊಟ ಹಾಕುತ್ತಾರೆ ಎನ್ನುವುದು ಅವಳಿಗೂ ಗೊತ್ತಿತ್ತು. ಚಾಗೋ ಸತ್ತಿದ್ದ. ಮೊದಲು ಮನಸ್ಸಿಗೆ ಬಂದದ್ದು ಅಯ್ಯೋ ಪಾಪ ಎಂದಲ್ಲ, ಶುಕ್ರವಾರ ಎಂದು. ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಹೆಂಗಸು, ಅವನ ಮಗಳು ದಿಗ್ನಾ, ಅವಳ ಕೈ ಹಿಡಿದು ಎಳೆದುಕೊಂಡು ಹೋಗಿ ಮನೆಯವರ ಸಾಲಿನಲ್ಲೇ ಕೂರಿಸಿದಳು. ಪಕ್ಕದಲ್ಲಿ ಚಾಗೋನ ಅಕ್ಕ, ಒಣಗಿದ ಪುಟ್ಟ ದೇಹದ ಫೇಫಾ, "ಯಾರು ಹೇಳಿದ್ರು ನಿಮಗೆ?" ಎಂದು ಕೇಳಿದಳು. "ವಕೀಲರ ಕಚೇರಿಯಿಂದ..." ಎಂದಳು ವೆರೇನಾ. ಸುಳ್ಳಲ್ಲ. ನಿಜವೂ ಅಲ್ಲ. "ಪಾಪ, ಅಷ್ಟು ದೂರದಿಂದ ಈ ಬಿಸಿಲಲ್ಲಿ," ಎಂದು ಮುದುಕಿ ಅವಳ ಮೊಣಕಾಲು ತಟ್ಟಿದಳು.

ಪ್ರಾರ್ಥನೆ ಹೇಳಿಸುವ ಹೆಂಗಸು ಒಂದೊಂದು ಸಾಲು ಎತ್ತಿಕೊಟ್ಟಳು, ಎಲ್ಲರೂ ಉತ್ತರ ಹೇಳಿದರು. ವೆರೇನಾ ಸುಮ್ಮನೆ ತುಟಿ ಅಲ್ಲಾಡಿಸಿದಳು. ಎದ್ದು ಹೋಗಬಹುದಿತ್ತು. ಎದ್ದರೆ ಎಲ್ಲರೂ ನೋಡುತ್ತಾರೆ, ಕೂತರೆ ಮೋಸ. ಪಟದ ಮುದುಕ ಅವಳನ್ನೇ ನೋಡುತ್ತಿದ್ದ, ಮನೆ ಎಲ್ಲಿ ದೋನ್ಯಾ ಎಂದು ಕೇಳುವ ಮುಂಚಿನ ಮುಖ ಅದು, ಈಗ ನೆನಪಾಯಿತು. ಕೆಟ್ಟ ಮುಖವೇನಲ್ಲ. ರೂಡಿಗೆ ಹೀಗೆ ಕುರ್ಚಿ ಹಾಕಿದ್ದರೆ ಯಾರು ಕೂರುತ್ತಿದ್ದರು ಎಂದು ಯೋಚಿಸಿ ಬೆವರಿದಳು. ಕೊನೆಯ ಸಾಲು ಮುಗಿದು, ಮೇಣದಬತ್ತಿ ಒಂದೊಂದಾಗಿ ಆರಿಸಿ, ಮೇಜಿನ ಹೊದಿಕೆ ಎಳೆದು ಮಡಚತೊಡಗಿದಾಗ ಇಷ್ಟು ಹೊತ್ತು ಗಟ್ಟಿಯಾಗಿದ್ದ ದಿಗ್ನಾ ಗೋಡೆಗೆ ಒರಗಿ, "ಅಪ್ಪಾ, ಹೋಗೇಬಿಟ್ಯಾ ಅಪ್ಪಾ," ಎಂದು ಓಣಿಗೆಲ್ಲ ಕೇಳುವಂತೆ ಅತ್ತಳು. ಯಾರೂ ತಡೆಯಲಿಲ್ಲ. ಅತ್ತು ಮುಗಿಸಿ, ಅದೇ ಹೊದಿಕೆಯ ತುದಿಯಿಂದ ಮುಖ ಒರೆಸಿಕೊಂಡು, ಯಾರಿಗೆಲ್ಲ ಕಾಫಿ ಬೇಕು ಎಂದು ಕೇಳಿದಳು.

ಹಿತ್ತಲಲ್ಲಿ ಶುಂಠಿ ಹಾಕಿದ ಕಾಫಿ ಬಂತು. ಫೇಫಾ ತನ್ನ ಕುರ್ಚಿಯನ್ನು ವೆರೇನಾಳ ಹತ್ತಿರಕ್ಕೆ ಎಳೆದುಕೊಂಡಳು. "ನಿಮ್ಮ ಜಾಗ ಹೋಯ್ತಲ್ಲ ದೋನ್ಯಾ, ಗೊತ್ತಾ?"

"ಯಾವ ಜಾಗ?"

"ಸ್ಮಶಾನದಲ್ಲಿ. ನಮ್ಮನೆ ಗೋರೀಲಿ ಒಂದು ಗೂಡು ನಿಮಗೇಂತ ಇಟ್ಟಿದ್ದ. ನನ್ನ ಗಂಡನ ಪಕ್ಕದ್ದು. 'ಆಯಮ್ಮಂಗೆ ಈ ದೇಶದಲ್ಲಿ ನಾನೇ ಜವಾಬ್ದಾರಿ ಅಂತ ಬರ್ಕೊಟ್ಟಿದೀನಿ ಫೇಫಾ, ನಾಳೆ ಸತ್ರೆ ಬೀದೀಲಿ ಬಿಡಕ್ಕಾಗುತ್ತಾ' ಅಂತಿದ್ದ. ಈಗ ನೋಡಿ, ಅವಸರ ಮಾಡಿ ಅದ್ರಲ್ಲಿ ಅವನೇ ಹೋಗಿ ಮಲಗಿಬಿಟ್ಟ. ಬೇಜಾರು ಮಾಡ್ಕೋಬೇಡಿ, ಇನ್ನೊಂದು ಗೂಡು ಮಾಡಿಸ್ತೀವಿ." ಸುತ್ತ ಕೂತವರು ನಕ್ಕರು. ಅಳುವ ಮನೆಯ ನಗು.

"ನಾವೂ ಹೇಳಿದ್ವಿ," ಎಂದಳು ದಿಗ್ನಾ. "ಅದು ಸುಮ್ನೆ ಕಾಗದಕ್ಕೆ ಹಾಕೋ ಸಹಿ ಅಪ್ಪಾ, ಬೆಂಚಿನವರೆಲ್ಲ ಹಾಕಿ ಮರ್ತುಬಿಡ್ತಾರೆ ಅಂತ. ಕೇಳಿದ್ರೆ ತಾನೆ? ಹಾಳೇಲಿ ಏನು ಬರೆದಿದೆ ನಾನು ಓದಿದೀನಿ, ನೀವು ಓದಿದೀರಾ ಅನ್ನೋರು. ಚರ್ಚಿನ ಹತ್ತಿರ ವಿಚಾರಿಸಿ ನಿಮ್ಮ ಮನೆ ಪತ್ತೆ ಮಾಡಿದ್ರು. ಹೋಟೆಲ್ಲಿನ ರಾತ್ರಿ ಕಾವಲು ಮುಗಿಸಿ ಮನೆಗೆ ಬರುವಾಗ ನಿಮ್ಮ ಬೀದಿ ಸುತ್ತಿಕೊಂಡೇ ಬರ್ತಿದ್ರು. ಬೆಳಗಾಯ್ತು ದೋನ್ಯಾ ಅಂತ ಕೂಗೋರು. ನೀವು ರೇಡಿಯೋ ಸಣ್ಣ ಮಾಡ್ತಿದ್ರಿ. ಇಲ್ಲಿ ಬಂದು ಚಪ್ಪಲಿ ಬಿಡೋಕೆ ಮುಂಚೆನೇ ಹೇಳೋರು, ಸ್ವಿಸ್ಸಮ್ಮ ಇದಾಳೆ, ಕಾಫಿ ಕೊಡು ಅಂತ."

ಇಷ್ಟು ದಿನ ಬೆಳಗ್ಗೆ ಕಡಿಮೆಯಾಗಿದ್ದು ಏನೆಂದು ವೆರೇನಾಳಿಗೆ ಗೊತ್ತಾಯಿತು. ಗ್ಯಾಸಲ್ಲ, ನಲ್ಲಿಯಲ್ಲ. ಒಬ್ಬ ಮನುಷ್ಯ ದಿನವೂ ಅವಳನ್ನು ಕರೆದು, ಅವಳು ಬದುಕಿದ್ದಾಳೆಂದು ಮನೆಗೆ ಸುದ್ದಿ ಒಯ್ಯುತ್ತಿದ್ದ. ಅವಳು ಉಸಿರು ಹಿಡಿದು ಅವನು ತೊಲಗಲಿ ಎಂದು ಕಾಯುತ್ತಿದ್ದಳು. ಅಳು ಬರಲಿಲ್ಲ, ಬಂದಿದ್ದರೆ ಒಳ್ಳೆಯದಿತ್ತು. ಚೀಲ ತೊಡೆಯ ಮೇಲೆ ಭಾರವಾಗಿತ್ತು. ಕಾಫಿ ಕುಡಿದು, ಕೈ ಒತ್ತಿ, ದುಃಖಕ್ಕೆಂದೇ ಬಂದವಳ ಹಾಗೆ ಎದ್ದು ಹೋಗಿಬಿಟ್ಟರೆ ಇವರ ಕಣ್ಣಲ್ಲಿ ಒಳ್ಳೆಯವಳಾಗಿ ಉಳಿಯುತ್ತಿದ್ದಳು. ಶುಕ್ರವಾರ ಯಾರಿಗೂ ತಿಳಿಯದಂತೆ ದೇಶ ಬಿಡಬಹುದಿತ್ತು. ಅದು ಸುಲಭ ಎಂದು ಕಂಡದ್ದಕ್ಕೇ ಅವಳಿಗೆ ಭಯವಾಯಿತು. ಕಾಗದ ತೆಗೆದಳು.

"ನಾನು ಇದಕ್ಕೆ ಬಂದೆ," ಅಂದಳು. "ಅವರು ಹೋಗಿದ್ದು ನನಗೆ ಗೊತ್ತಿರಲಿಲ್ಲ. ಇಲ್ಲಿ ಪಟ ನೋಡಿ ಗೊತ್ತಾಯ್ತು. ಶುಕ್ರವಾರದೊಳಗೆ ಜಾಮೀನುದಾರ ಬರದಿದ್ದರೆ ನನ್ನನ್ನು ಕಳಿಸಿಬಿಡ್ತಾರೆ. ಸಹಿಗೆ ಬಂದೆ."

ದಿಗ್ನಾ ಅವಳನ್ನೇ ನೋಡಿದಳು. "ಅಂದ್ರೆ ಅಪ್ಪಂಗಾಗಿ ಬಂದಿದ್ದಲ್ಲ."

"ಅಲ್ಲ."

ಈಗ ಹೊರಗೆ ಹೋಗು ಅನ್ನುತ್ತಾಳೆ ಎಂದು ವೆರೇನಾ ಚೀಲದ ಪಟ್ಟಿ ಹಿಡಿದಳು. ಫೇಫಾಳ ಗಂಟಲಿನಿಂದ ಒಂದು ಒಣ ನಗು ಹೊರಟಿತು. "ಬದುಕಿದ್ದಾಗಲೂ ಅವನ ಹತ್ರ ಜನ ಬರ್ತಿದ್ದದ್ದು ಸಹಿಗೇ ಅಲ್ವೇನೇ? ಅವರಲ್ಲಿ ಸತ್ತ ಮೇಲೆ ಬಂದೋಳು ಇವಳೊಬ್ಬಳೆ. ಮರ್ಯಾದೆ ಕೊಡು."

ದಿಗ್ನಾ ನಗಲಿಲ್ಲ. ಕಾಗದ ಕಿತ್ತುಕೊಂಡ ಹಾಗೆ ತೆಗೆದುಕೊಂಡು, ತುಟಿ ಅಲ್ಲಾಡಿಸುತ್ತ, ಅಪ್ಪನ ಹಾಗೆಯೇ, ಮೇಲಿಂದ ಕೆಳಗಿನ ತನಕ ಓದಿದಳು. ಓದುವುದಕ್ಕೆ ಬಹಳ ಹೊತ್ತು ಹಿಡಿಯಿತು. "ಈಕೆಯನ್ನು ಚೆನ್ನಾಗಿ ಬಲ್ಲೆನೆಂದೂ, ಈಕೆಯ ನಡತೆಗೆ ಹೊಣೆಯೆಂದೂ..." ಎಂದು ಒಂದು ಸಾಲನ್ನು ಗಟ್ಟಿಯಾಗಿ ಓದಿ ತಲೆಯೆತ್ತಿದಳು. "ನಾನೇನು ಬಲ್ಲೆ ನಿಮ್ಮನ್ನ? ಅಪ್ಪ ಮೊದಲು ಸಹಿ ಹಾಕಿ ಆಮೇಲೆ ತಿಳ್ಕೊಳ್ಳೋಕೆ ಹೋದ್ರು. ದಿನಾ ಹೋದ್ರು, ನೀವು ಬಾಗಿಲು ತೆಗೀಲಿಲ್ಲ. ನಾನು ಹಂಗೆ ಮಾಡೋಳಲ್ಲ. ಮೊದಲು ತಿಳ್ಕೊಂಡು ಆಮೇಲೆ ಸಹಿ. ಹೇಳಿ. ನಿಮ್ಮ ವಿಷಯ ಏನಾದ್ರೂ ಹೇಳಿ, ನಾಳೆ ಆ ಅಧಿಕಾರಿ ಮುಂದೆ ನಿಂತು ಬಲ್ಲೆ ಅನ್ನೋಕೆ ನನಗೆ ಬಾಯಿ ಬರ್ಬೇಕು."

ಹಿತ್ತಲಿನವರೆಲ್ಲ ಕಾದರು. ಏನು ಹೇಳುವುದು? ಅಂಚೆ ಕಚೇರಿಯಲ್ಲಿ ಕೆಲಸ ಮಾಡಿದ್ದು, ಮಕ್ಕಳಾಗದಿದ್ದದ್ದು, ರೂಡಿಯ ಕೆಮ್ಮು? ಅವೆಲ್ಲ ಬಾಯೆಸ್‌ನ ಕಾಗದಗಳಲ್ಲಿ ಬರೆಸಿದಂಥವೇ ಅನ್ನಿಸಿತು. ಹೇಳಬೇಕಾದದ್ದು ಒಂದೇ ಇತ್ತು, ಅದನ್ನು ಹೇಳಿದರೆ ಇವಳು ಸಹಿ ಹಾಕುವುದಿಲ್ಲ, ಇದೂ ಅವಳಿಗೆ ಸ್ಪಷ್ಟವಾಗಿತ್ತು.

"ರೇಡಿಯೋ," ಅಂದಳು. "ನಾನು ಸಣ್ಣ ಮಾಡ್ತಿದ್ದದ್ದು ಅವರಿಗೆ ಉತ್ತರ ಅಂತಲ್ಲ. ಮನೇಲಿ ಯಾರೂ ಇಲ್ಲ ಅಂದ್ಕೊಂಡು ಹೋಗಿಬಿಡಲಿ ಅಂತ."

ದಿಗ್ನಾ ಕಾಗದವನ್ನು ಮಡಚಿ, ಮಡಿಲಲ್ಲಿಟ್ಟುಕೊಂಡು, ಅದರ ಮೇಲೆ ಅಂಗೈ ಊರಿ ಕೂತಳು.

"ಅದು ಅಪ್ಪಂಗೆ ಗೊತ್ತಿತ್ತು," ಅಂದಳು. "'ನನ್ನ ಕಂಡ್ರೆ ಹೆದರ್ತಾಳೆ ಪಾಪ, ಬಾಗಿಲು ತಟ್ಟಬಾರದು. ಸಣ್ಣ ಮಾಡಿದ್ಲಲ್ಲ, ಬದುಕಿದಾಳೆ, ಅಷ್ಟು ಸಾಕು' ಅನ್ನೋರು. ಅದು ಬೇಡ. ಬೇರೆ ಹೇಳಿ."

ಫೇಫಾ ವೆರೇನಾಳ ಲೋಟಕ್ಕೆ ಇನ್ನಷ್ಟು ಕಾಫಿ ಸುರಿದಳು. ಓಣಿಯಲ್ಲಿ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದರು. ಇವರು ಕೂತಿದ್ದ ಕುರ್ಚಿಗಳನ್ನು ಕೇಳಲು ಯಾರೂ ಬರಲಿಲ್ಲ. ವೆರೇನಾ ಎಲ್ಲಿಂದ ಶುರು ಮಾಡಬೇಕೋ ಗೊತ್ತಾಗದೆ, ತಾನು ಹುಟ್ಟಿದ ಹಳ್ಳಿಯ ಹೆಸರು ಹೇಳಿದಳು. ಅದನ್ನು ಬಾಯಿಬಿಟ್ಟು ಹೇಳಿ ಎಷ್ಟೋ ವರ್ಷವಾಗಿತ್ತು.

"ಆಮೇಲೆ?" ಎಂದಳು ದಿಗ್ನಾ.